ಸುಟ್ಟುಹೋದ ಪ್ರತಿಗಳು, ಉಳಿದುಬಂದ ಗೆರೆ

1866ರ ಡಿಸೆಂಬರ್ 30. ಲಂಡನ್ನಿನ ಹೊರವಲಯದ ಸಿಡೆನ್‌ಹ್ಯಾಮ್‌ನಲ್ಲಿದ್ದ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಅರಮನೆಗೆ ಬೆಂಕಿ ಬಿತ್ತು. ಕಟ್ಟಡದ ಉತ್ತರ ಭಾಗ ಸುಟ್ಟು ಬೂದಿಯಾಯಿತು. ಆ ಬೂದಿಯಲ್ಲಿ ರಾಬರ್ಟ್ ಗಿಲ್ ಎಂಬ ಸೈನ್ಯಾಧಿಕಾರಿಯ ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯೂ ಸೇರಿತ್ತು. ಅಜಂತಾ ಗುಹೆಗಳ ಗೋಡೆಗಳನ್ನು ನೋಡಿ ನೋಡಿ ಆತ ಬರೆದಿದ್ದ ಇಪ್ಪತ್ತೈದಕ್ಕೂ ಹೆಚ್ಚು ದೊಡ್ಡ ತೈಲಚಿತ್ರಗಳು ಅಲ್ಲಿ ಪ್ರದರ್ಶನಕ್ಕಿದ್ದವು. ಬೇರೆಡೆ ಇದ್ದ ನಾಲ್ಕೈದು ಮಾತ್ರ ಬಚಾವಾದವು.

ಹೋಗಲಿ, ಮತ್ತೊಮ್ಮೆ ಬರೆಸೋಣ ಎಂದು ಸರ್ಕಾರ ಹಣ ಕೊಟ್ಟಿತು. ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ ಹದಿಮೂರು ವರ್ಷ ಆ ಕೆಲಸ ಮಾಡಿಸಿದ. ಸುಮಾರು ಮುನ್ನೂರು ಪ್ರತಿಗಳು ಸಿದ್ಧವಾಗಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ಸೇರಿದವು. 1885ರಲ್ಲಿ ಅಲ್ಲಿಯೂ ಬೆಂಕಿ! ಎಂಬತ್ತಕ್ಕೂ ಹೆಚ್ಚು ಚಿತ್ರಗಳು ನಾಶವಾದವು.

ಒಂದೂವರೆ ಸಾವಿರ ವರ್ಷ ಕಾಡಿನ ನಡುವೆ, ಬಾವಲಿ ಜೇನುಗಳ ಜೊತೆಯಲ್ಲಿ ಹೇಗೋ ಬದುಕಿದ್ದ ಚಿತ್ರಗಳನ್ನು ಕಾಪಾಡಲೆಂದು ಮಾಡಿದ ಪ್ರತಿಗಳು ಹುಟ್ಟಿದ ಕೆಲವೇ ವರ್ಷಗಳಲ್ಲಿ ಸುಟ್ಟುಹೋದವು. ಹಾಗಾದರೆ ಅಷ್ಟು ಜನ ಅಷ್ಟು ವರ್ಷ ಏಣಿ ಹತ್ತಿ ಕುಳಿತು ನಕಲು ಮಾಡಿದ್ದರಿಂದ ಉಳಿದದ್ದೇನು? ಉತ್ತರ ಹುಡುಕುತ್ತ ಹೋದರೆ ಮುಂಬಯಿಯ ಮಣ್ಣಿನ ಹೂಜಿ, ಇಂಗ್ಲೆಂಡಿನ ಒಂದು ಬಟ್ಟೆ ಕಾರ್ಯಾಗಾರ, ಹರಿಪುರದ ಕಾಂಗ್ರೆಸ್ ಅಧಿವೇಶನದ ಚಪ್ಪರ, ಮೈಸೂರಿನ ಒಬ್ಬ ಹಟಮಾರಿ ಕಲಾವಿದ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರುವ ಜಾಗಗಳಿಗೆ ದಾರಿ ಹೋಗುತ್ತದೆ.

ಹುಲಿ ಬೇಟೆಗೆ ಹೋದವನ ಹೆಸರು

ಔರಂಗಾಬಾದಿನಿಂದ, 2023ರಿಂದ ಅದರ ಹೆಸರು ಛತ್ರಪತಿ ಸಂಭಾಜಿನಗರ, ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ವಾಘೋರಾ ನದಿ ಕುದುರೆ ಲಾಳದಂತೆ ಬಳಸಿಕೊಂಡು ಹರಿಯುತ್ತದೆ. ಆ ಲಾಳದ ಒಳಮೈಯಂತಿರುವ ಬಂಡೆಯಲ್ಲಿ ಮೂವತ್ತರಷ್ಟು ಗುಹೆಗಳಿವೆ. ಕೆಲವು ಕ್ರಿಸ್ತಪೂರ್ವದವು, ಹೆಚ್ಚು ಚಿತ್ರಗಳಿರುವವು ಕ್ರಿ.ಶ. ಐದನೆಯ ಶತಮಾನದ, ವಾಕಾಟಕ ದೊರೆ ಹರಿಷೇಣನ ಕಾಲದ ಆಸುಪಾಸಿನವು. ಬೌದ್ಧ ಭಿಕ್ಷುಗಳು ಹೊರಟುಹೋದ ಮೇಲೆ ಹೊರಜಗತ್ತು ಇವನ್ನು ಮರೆಯಿತು. 1819ರ ಏಪ್ರಿಲಿನಲ್ಲಿ ಹುಲಿ ಬೇಟೆಗೆ ಬಂದ ಮದರಾಸು ಅಶ್ವದಳದ ಜಾನ್ ಸ್ಮಿತ್ ಗುಹೆಯೊಂದನ್ನು ಹೊಕ್ಕ. ಹೊಕ್ಕವನು ಸುಮ್ಮನೆ ಬರಲಿಲ್ಲ. ಹತ್ತನೆಯ ಗುಹೆಯ ಕಂಬದ ಚಿತ್ರದ ಮೇಲೆಯೇ ತನ್ನ ಹೆಸರನ್ನೂ ತಾರೀಖನ್ನೂ ಕೊರೆದು ಬಂದ! ನಮ್ಮ ಕೋಟೆ ದೇಗುಲಗಳ ಗೋಡೆಗಳ ಮೇಲೆ ಇದ್ದಿಲಲ್ಲಿ ಹೆಸರು ಗೀಚುವವರಿಗೆ ಹಿರಿಯಣ್ಣ ಸಿಕ್ಕಂತಾಯಿತು.

ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ 1843ರಲ್ಲಿ ಈ ಗುಹೆಗಳ ಮಹತ್ವ ಸಾರಿದ ಮೇಲೆ ಈಸ್ಟ್ ಇಂಡಿಯಾ ಕಂಪೆನಿ ಕಣ್ಣು ತೆರೆಯಿತು. ಮರುವರ್ಷವೇ ಗಿಲ್‌ನ ನೇಮಕವಾಯಿತು. ಆತ ನಿಷ್ಠಾವಂತ. ಬೇಸರಿಸದೆ ದುಡಿದ. ಆದರೆ ಅವನು ಒಂದು ತಪ್ಪು ಮಾಡಿದ. ಮಬ್ಬಾದ ಬಣ್ಣ ಎದ್ದು ಕಾಣಲಿ ಎಂದು ಗೋಡೆಯ ಮೇಲೆ ವಾರ್ನಿಷ್ ಬಳಿದ. ಮುಂದೆ ಗ್ರಿಫಿತ್ಸ್ ತಂಡವೂ ಅದನ್ನೇ ಮಾಡಿತು. ಬಳಿದ ದಿನ ಚಿತ್ರ ಫಳಫಳ ಹೊಳೆಯಿತು. ವರ್ಷಗಳು ಕಳೆದಂತೆ ವಾರ್ನಿಷ್ ಹಳದಿಯಾಗಿ, ಕಂದಾಗಿ, ಮೇಲೆ ಧೂಳು ಕೂತು, ಕೆಲವೆಡೆ ಸಿಪ್ಪೆಯಂತೆ ಎದ್ದು ತನ್ನೊಂದಿಗೆ ಬಣ್ಣವನ್ನೂ ಕಿತ್ತುಕೊಂಡು ಬಂತು. ನೋಡಿ ನಕಲು ಮಾಡಬೇಕೆಂಬ ಆಸೆಯೇ ಮೂಲಕ್ಕೆ ಮುಳುವಾಯಿತು.

ಚಾವಣಿಯ ಪಾಠ

ಗ್ರಿಫಿತ್ಸ್‌ನ ಉದ್ದೇಶ ಗಿಲ್‌ನದಕ್ಕಿಂತ ಬೇರೆಯಾಗಿತ್ತು. ಅವನು ಮೇಷ್ಟ್ರು. ಭಾರತದ ಕಲಾಶಾಲೆಗಳಲ್ಲಿ ಆಗ ಹುಡುಗರು ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದರು. ಅಲಂಕಾರದ ವಿನ್ಯಾಸ ಕಲಿಯಲು ಅಜಂತಾಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಇವರಿಗೆ ಸಿಗದು ಎಂದು ಗ್ರಿಫಿತ್ಸ್ ಬಗೆದ. 1896–97ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಅವನ ಗ್ರಂಥ ಹೊರಬಂದಾಗ, ಮೊದಲನೆಯದು ಕಥಾಚಿತ್ರಗಳಿಗೆ ಮೀಸಲಾಗಿದ್ದರೆ ಎರಡನೆಯದು ಅಲಂಕಾರದ ವಿವರಗಳಿಗೇ ಮೀಸಲಾಗಿತ್ತು.

ಒಂದನೆಯ ಗುಹೆಯ ಚಾವಣಿಯನ್ನು ಕತ್ತೆತ್ತಿ ನೋಡಿದವರಿಗೆ ಅವನ ಮಾತು ಅರ್ಥವಾದೀತು. ಇಡೀ ಚಾವಣಿಯನ್ನು ಚೌಕ, ಆಯತಗಳ ಮನೆಗಳನ್ನಾಗಿ ಭಾಗಿಸಿದ್ದಾರೆ, ನಮ್ಮ ಅಜ್ಜಿಯರು ಹಾಸುವ ಪಗಡೆಯ ಬಟ್ಟೆಯ ಹಾಗೆ. ಒಂದು ಮನೆಯಲ್ಲಿ ಕಮಲ, ಇನ್ನೊಂದರಲ್ಲಿ ಮಾವಿನಕಾಯಿ, ಮತ್ತೊಂದರಲ್ಲಿ ಕಮಲಗಳ ನಡುವೆ ಓಡುವ ಆನೆ, ಮಗದೊಂದರಲ್ಲಿ ಕೊಂಬಿಗೆ ಕೊಂಬು ಹೂಡಿದ ಗೂಳಿಗಳು. ಒಂದೆಡೆ ಚೂಪು ಟೊಪ್ಪಿಗೆ, ಪಟ್ಟೆಪಟ್ಟೆಯ ಕಾಲುಚೀಲ ಧರಿಸಿದ ಪರದೇಶಿಗಳು ಮದ್ಯ ಹೀರುತ್ತ ಕುಳಿತಿದ್ದಾರೆ. ಭಿಕ್ಷುಗಳ ವಿಹಾರದ ಚಾವಣಿಯಲ್ಲಿ ಇವರಿಗೇನು ಕೆಲಸ ಎಂದು ಕೇಳಬೇಡಿ. ಮೂಲೆಯನ್ನು ತುಂಬುವುದು ಅವರ ಕೆಲಸ, ಅದನ್ನು ಅವರು ಸೊಗಸಾಗಿ ಮಾಡುತ್ತಾರೆ. ಹಂಸದ ಕುತ್ತಿಗೆ ತಿರುಗಿದ ಕಡೆಗೇ ಎಲೆಯ ಬಳುಕೂ ತಿರುಗುತ್ತದೆ. ಆನೆಯ ಬೆನ್ನಿನ ಬಾಗನ್ನು ಕಮಲದ ದಂಟು ಹಿಂಬಾಲಿಸುತ್ತದೆ. ಒಂದು ಪ್ರಾಣಿಯನ್ನು ಚೌಕದೊಳಗೆ ಕೂರಿಸುವುದಕ್ಕೂ ಕೂಡಿಹಾಕುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ. ಅದೇ ಗುಹೆಯ ಕಂಬದ ಮೇಲೆ ಒಂದೇ ತಲೆಯನ್ನು ಹಂಚಿಕೊಂಡ ನಾಲ್ಕು ಜಿಂಕೆಗಳ ಶಿಲ್ಪವಿದೆ. ಯಾವ ಮೈಗೆ ಸೇರಿಸಿ ನೋಡಿದರೂ ತಲೆ ಅದರದೇ ಅನ್ನಿಸುತ್ತದೆ.

ಈ ಪಾಠ ಮೊದಲು ಇಳಿದದ್ದು ಮಣ್ಣಿನ ಪಾತ್ರೆಗಳ ಮೇಲೆ. ಮುಂಬಯಿ ಕಲಾಶಾಲೆಯಲ್ಲಿ ಜಾರ್ಜ್ ಟೆರ್ರಿ 1870ರ ದಶಕದಲ್ಲಿ ಬೆಳೆಸಿದ ಕುಂಬಾರಿಕೆ ವಿಭಾಗದಲ್ಲಿ ಅಜಂತಾದ ಆಕೃತಿಗಳನ್ನೂ ಅಲಂಕಾರಗಳನ್ನೂ ಹೂಜಿ, ತಟ್ಟೆಗಳಿಗೆ ಅಳವಡಿಸಿದರು. ಚಪ್ಪಟೆಯಾದ ಚಾವಣಿಯಲ್ಲಿದ್ದ ವಿನ್ಯಾಸವನ್ನು ಉಬ್ಬಿದ ಹೂಜಿಯ ಹೊಟ್ಟೆಗೆ ಹೊಂದಿಸುವುದೆಂದರೆ ಬರೀ ನಕಲಿನಿಂದ ಆಗುವ ಮಾತಲ್ಲ. ಕುತ್ತಿಗೆಯ ಬಳಿ ವಿನ್ಯಾಸ ಕಿರಿದಾಗಬೇಕು, ಹೊಟ್ಟೆಯ ಮೇಲೆ ಹಿಗ್ಗಬೇಕು. ಅಲ್ಲಿಗೆ ಅದು ಹೊಸ ವಿನ್ಯಾಸವೇ. ಆ ಪಾತ್ರೆಗಳು ವಿದೇಶದ ಪ್ರದರ್ಶನಗಳಿಗೂ ಹೋದವು.

ಆದರೆ ಚಿತ್ರಕಲೆಗೆ ಇಳಿಯಲು ಇನ್ನೂ ಕಾಲ ಬೇಕಾಯಿತು. ಗ್ರಿಫಿತ್ಸ್‌ನ ಶಿಷ್ಯರಲ್ಲಿ ಹೆಸರಾದವನು ಪೆಸ್ತೋನ್‌ಜಿ ಬೊಮನ್‌ಜಿ. ಅಜಂತಾದ ಏಣಿಗಳ ಮೇಲೆ ಯೌವನದ ವರ್ಷಗಳನ್ನು ಕಳೆದವನು. ಆದರೆ ಮುಂದೆ ಆತ ಬರೆದ ಪಾರ್ಸಿ ಮನೆತನಗಳ ಭಾವಚಿತ್ರಗಳನ್ನು ನೋಡಿದರೆ ಅಜಂತಾದ ಸುಳಿವು ಹೆಚ್ಚಾಗಿ ಸಿಗದು. ಅವು ಯೂರೋಪಿನ ಶಾಲೆಯ ಅಚ್ಚುಕಟ್ಟಾದ ಚಿತ್ರಗಳು. ಕೈ ಸಾವಿರ ಸಲ ಎಳೆದ ಗೆರೆ ಕಲಾವಿದನದಾಗಲು ಕೈಯೊಂದೇ ಸಾಲದು. ಆ ಗೆರೆ ತನಗೆ ಬೇಕು ಎಂಬ ಹಂಬಲವೂ ಬೇಕು. 1870ರ ಮುಂಬಯಿಯಲ್ಲಿ ಆ ಹಂಬಲ ಇರಲಿಲ್ಲ. 1905ರ ನಂತರದ ಕಲ್ಕತ್ತೆಯಲ್ಲಿ ಇತ್ತು.

ಪದ್ಮಪಾಣಿಯ ಹುಬ್ಬು

ಹಾಗಾದರೆ ಆ ಗೆರೆಯಲ್ಲಿ ಏನಿದೆ? ಒಂದನೆಯ ಗುಹೆಯ ಗರ್ಭಗುಡಿಯ ಬಾಗಿಲಿನ ಎಡಕ್ಕಿರುವ ಬೋಧಿಸತ್ತ್ವ ಪದ್ಮಪಾಣಿಯನ್ನೇ ನೋಡಬಹುದು. ಸುತ್ತ ಇರುವ ಎಲ್ಲರಿಗಿಂತ ಅವನ ಆಕೃತಿ ದೊಡ್ಡದು. ದೇಹ ಮೂರು ಕಡೆ ಬಾಗಿದೆ. ಕೈಯಲ್ಲಿ ನೀಲಿ ಕಮಲ. ಕಣ್ಣು ಅರೆಮುಚ್ಚಿ ಕೆಳಗೆ ನೋಡುತ್ತಿದೆ. ಹಿನ್ನೆಲೆಯಲ್ಲಿ ಕೋತಿ, ನವಿಲು, ಗಂಧರ್ವರು, ಅರಮನೆಯ ಜನ, ಎಲ್ಲ ಗಿಜಿಗುಡುತ್ತಿದ್ದಾರೆ. ಆ ಗದ್ದಲದ ನಡುವೆ ಇವನೊಬ್ಬ ಮೌನಿ. ಕಿರೀಟದ ಕುಸುರಿಯನ್ನೆಲ್ಲ ಬರೆದ ಕಲಾವಿದ ಮುಖಕ್ಕೆ ಬಂದಾಗ ಮಾತ್ರ ತುಂಬಾ ಕಡಿಮೆ ಬರೆದ. ಬಿಲ್ಲಿನಂಥ ಹುಬ್ಬು, ಅದರ ಕೆಳಗೆ ರೆಪ್ಪೆಯ ಒಂದು ಇಳಿಜಾರು. ಮೂಗಿನ ಮೇಲೆ, ಗಲ್ಲದ ಮೇಲೆ ಚೂರು ಬಿಳುಪು ಸೇರಿಸಿ ಆ ಭಾಗ ಮುಂದೆ ಬಂದಂತೆ ಕಾಣಿಸಿದ್ದಾನೆ. ಬೆಳಕು ಎಲ್ಲಿಂದ ಬರುತ್ತಿದೆ ಎಂಬ ಲೆಕ್ಕವಿಲ್ಲ. ಉಬ್ಬಿರುವಲ್ಲಿ ತಿಳಿ, ತಗ್ಗಿರುವಲ್ಲಿ ಗಾಢ, ಅಷ್ಟೇ. ಯೂರೋಪಿನ ನೆರಳು ಬೆಳಕಿನ ಶಾಸ್ತ್ರ ಬೇರೆ, ಇದು ಬೇರೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ಇದಕ್ಕೆ ವರ್ತನೆ ಎಂಬ ಹೆಸರೇ ಇದೆ. ಬಲ್ಲವರು ಮೆಚ್ಚುವುದು ರೇಖೆಯನ್ನು ಎಂಬ ಅಭಿಪ್ರಾಯವೂ ಅಲ್ಲಿದೆ.

ಕೆಲಸದ ಕ್ರಮವೂ ಗೆರೆಯಿಂದ ಗೆರೆಗೆ ಹೋಗುವಂಥದು. ಉಳಿಯ ಗುರುತು ಉಳಿದ ಒರಟು ಬಂಡೆಯ ಮೇಲೆ ನಾರು, ಹೊಟ್ಟು, ಕಲ್ಲಿನ ಪುಡಿ ಬೆರೆಸಿದ ಮಣ್ಣಿನ ಗಿಲಾವು. ಅದರ ಮೇಲೆ ತೆಳುವಾದ ಸುಣ್ಣ. ಒಣಗಿದ ಮೇಲೆ ಕೆಮ್ಮಣ್ಣಿನಲ್ಲಿ ಮೊದಲ ರೂಪುರೇಖೆ. ನಂತರ ಅಂಟು ಬೆರೆಸಿದ ಬಣ್ಣಗಳು: ಕಾವಿ, ಹಳದಿ ಮಣ್ಣು, ದೀಪದ ಕಾಡಿಗೆ, ಸ್ಥಳೀಯವಾಗಿ ಸಿಗುವ ಹಸಿರು ಮಣ್ಣು. ನೀಲಿಗೆ ಮಾತ್ರ ದೂರದ ಅಫಘಾನಿಸ್ತಾನದ ಕಡೆಯಿಂದ ಬಂದ ಲಾಜವರ್ದ ಕಲ್ಲು. ಬಣ್ಣ ತುಂಬುವಾಗ ಮೊದಲ ಗೆರೆ ಮುಚ್ಚಿಹೋಗುತ್ತದೆ. ಆದ್ದರಿಂದ ಕೊನೆಯಲ್ಲಿ ಮತ್ತೊಮ್ಮೆ, ಕಂದು ಅಥವಾ ಕಪ್ಪಿನಲ್ಲಿ, ಗೆರೆ ಎಳೆಯಬೇಕು. ಈ ಎರಡನೆಯ ಗೆರೆಯೇ ಅಜಂತಾದ ಜೀವ. ಕುಂಚವನ್ನು ಒತ್ತಿದಲ್ಲಿ ದಪ್ಪವಾಗಿ, ಎತ್ತಿದಲ್ಲಿ ತೆಳುವಾಗಿ ಹೋಗುವ ಈ ಗೆರೆಯನ್ನು ತೈಲವರ್ಣದಲ್ಲಿ ಹಿಡಿಯುವುದು ಕಷ್ಟ. ಗಿಲ್ ಮತ್ತು ಗ್ರಿಫಿತ್ಸ್ ತಂಡ ಬಳಸಿದ್ದು ತೈಲವರ್ಣವನ್ನೇ.

ಕನ್ನಡಿಗರಿಗೆ ಈ ಗುಹೆಯ ಬಗ್ಗೆ ಇನ್ನೊಂದು ನೆನಪಿದೆ. ಪರ್ಷಿಯಾದ ರಾಯಭಾರಿಯನ್ನು ಇಮ್ಮಡಿ ಪುಲಕೇಶಿ ಬರಮಾಡಿಕೊಳ್ಳುವ ದೃಶ್ಯ ಇಲ್ಲಿದೆಯೆಂದು ಶಾಲೆಯಲ್ಲಿ ಓದಿದವರು ಅನೇಕರು. 1879ರಲ್ಲಿ ಫರ್ಗುಸನ್ ಮಂಡಿಸಿದ ಊಹೆ ಅದು. ಗುಹೆ ಐದನೆಯ ಶತಮಾನದ್ದು, ಪುಲಕೇಶಿ ಆಳಿದ್ದು ಏಳನೆಯ ಶತಮಾನದಲ್ಲಿ. ಹೀಗಾಗಿ ಅದು ಯಾವುದೋ ಜಾತಕ ಕತೆಯ ಅರಮನೆಯ ದೃಶ್ಯ ಎಂಬುದು ಈಗಿನ ವಿದ್ವಾಂಸರ ನಿಲುವು. ಅಭಿಮಾನಕ್ಕೆ ಸ್ವಲ್ಪ ಪೆಟ್ಟು, ನಿಜ. ಆದರೆ ಅಜಂತಾದೊಂದಿಗೆ ಕನ್ನಡ ನಾಡಿಗೆ ಬೇರೊಂದು ನಂಟಿದೆ.

ಡೇರೆಯಲ್ಲಿ ಮೈಸೂರಿನ ಹುಡುಗ

ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಇಂಗ್ಲೆಂಡಿನ ಕಲಾವಿದೆ. ಇಟಲಿಯ ಚೆನ್ನೀನೊ ಚೆನ್ನೀನಿಯ ಹಳೆಯ ಚಿತ್ರಕಲಾ ಕೈಪಿಡಿಯನ್ನು 1899ರಲ್ಲಿ ಇಂಗ್ಲಿಷಿಗೆ ತಂದಾಕೆ. ಅಂಟುಬಣ್ಣದ ಹಳೆಯ ತಂತ್ರವನ್ನು ಸ್ವತಃ ಮಾಡಿ ಕಲಿತಿದ್ದರಿಂದ ತೈಲದಲ್ಲಿ ಮಾಡಿದ ಹಿಂದಿನ ಪ್ರತಿಗಳ ಕೊರತೆ ಆಕೆಗೆ ಚೆನ್ನಾಗಿ ಕಂಡಿತು. 1909ರಿಂದ 1911ರವರೆಗಿನ ಎರಡು ಚಳಿಗಾಲಗಳಲ್ಲಿ ಆಕೆ ಅಜಂತಾದ ಬಳಿ ಡೇರೆ ಹಾಕಿಸಿದರು. ಆಗ ಆ ಪ್ರದೇಶ ಹೈದರಾಬಾದ್ ನಿಜಾಮರದು. ಹೈದರಾಬಾದಿನಿಂದ ಸೈಯದ್ ಅಹ್ಮದ್ ಮತ್ತು ಫಜಲುದ್ದೀನ್ ಬಂದರು. ಇಂಗ್ಲೆಂಡಿನ ಡೊರೊತಿ ಲಾರ್ಚರ್ ಕೂಡ ನೆರವಾದರು. ಸೋದರಿ ನಿವೇದಿತಾ ಅವರ ಒತ್ತಾಸೆಯಿಂದ ಅವನೀಂದ್ರನಾಥ ಠಾಕೂರರ ಶಿಷ್ಯರು ಕಲ್ಕತ್ತೆಯಿಂದ ಹೊರಟರು: ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ್ ಗುಪ್ತ, ಮತ್ತು ನಮ್ಮ ಕೆ. ವೆಂಕಟಪ್ಪ.

ವೆಂಕಟಪ್ಪನವರದು ಮೈಸೂರು ಅರಮನೆಯನ್ನು ನೆಚ್ಚಿದ್ದ ಚಿತ್ರಗಾರ ಮನೆತನ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು 1909ರಲ್ಲಿ ಕಲ್ಕತ್ತೆಗೆ ಕಳಿಸಿದರು. ಮನೆಯಲ್ಲಿ ಅವರು ಕಂಡಿದ್ದ ಮೈಸೂರು ಶೈಲಿಯಲ್ಲಿ ಗೆಸ್ಸೊ ಉಬ್ಬು, ಚಿನ್ನದ ರೇಕು, ದೇವತೆಯ ಎದುರುಮುಖ. ಅಜಂತಾದಲ್ಲಿ ಚಿನ್ನವಿಲ್ಲ, ಎದುರುಮುಖದ ಬಿಗಿಯಿಲ್ಲ. ಜನ ಓರೆಯಾಗಿ, ಒರಗಿ, ಹಿಂತಿರುಗಿ ನಿಂತಿದ್ದಾರೆ. ಎರಡಕ್ಕೂ ಸಾಮಾನ್ಯವಾದದ್ದು ಗೆರೆಯ ಶಿಸ್ತು. ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ ಬೌದ್ಧ ಪುರಾಣಕತೆಗಳ ಪುಸ್ತಕ 1913ರಲ್ಲಿ ಬಂದಾಗ ಅದರ ಚಿತ್ರಕಾರರಲ್ಲಿ ವೆಂಕಟಪ್ಪನವರೂ ಒಬ್ಬರು. ಮೈಸೂರಿಗೆ ಮರಳಿದ ಮೇಲೆ ಅವರು ಗುಹಾಚಿತ್ರಗಳ ಶೈಲಿಗೆ ಅಂಟಿಕೊಳ್ಳಲಿಲ್ಲ. ಊಟಿ, ಕೊಡೈಕೆನಾಲುಗಳ ಮಂಜನ್ನು ಜಲವರ್ಣದಲ್ಲಿ ಹಿಡಿದರು, ವೀಣೆ ಹಿಡಿದರು, ಆಮೇಲೆ ಪ್ಲಾಸ್ಟರಿನ ಉಬ್ಬುಶಿಲ್ಪಕ್ಕೆ ಕೈ ಹಾಕಿದರು. ಬೆಂಗಳೂರಿನಲ್ಲಿ ಅವರ ಹೆಸರಿನಲ್ಲೇ ಇರುವ ಕಲಾ ಗ್ಯಾಲರಿಯ ಆ ಉಬ್ಬುಶಿಲ್ಪಗಳ ಮುಂದೆ ನಿಂತರೆ, ಅತಿ ಕಡಿಮೆ ಉಬ್ಬಿನಲ್ಲಿ ದೇಹದ ತುಂಬುತನವನ್ನು ಹೊರಗೆರೆಯೊಂದರಿಂದಲೇ ಸೂಚಿಸುವ ಬಗೆಯಲ್ಲಿ ಆ ಗುಹೆಯ ಚಳಿಗಾಲ ಎಲ್ಲೋ ಇಣುಕುತ್ತಿದೆ ಅನ್ನಿಸದೆ ಇರದು.

ಹೆರಿಂಗ್‌ಹ್ಯಾಮ್ ಅವರ ಕತೆ ದುಃಖದ್ದು. ಅಜಂತಾದಿಂದ ಮರಳಿದ ಬಳಿಕ ಅವರ ಮನಸ್ಸು ಕದಡಿತು. ಪ್ರತಿಗಳ ಸಂಪುಟವನ್ನು ಲಂಡನ್ನಿನ ಇಂಡಿಯಾ ಸೊಸೈಟಿ 1915ರಲ್ಲಿ ಪ್ರಕಟಿಸುವ ವೇಳೆಗೆ ಅವರು ಚಿಕಿತ್ಸಾಲಯದಲ್ಲಿದ್ದರು. 1929ರಲ್ಲಿ ತೀರಿಕೊಂಡರು. ಸಹಾಯಕಿ ಲಾರ್ಚರ್ ಮೊದಲ ಮಹಾಯುದ್ಧದ ಕಾರಣ ಭಾರತದಲ್ಲೇ ಉಳಿಯಬೇಕಾಗಿ ಬಂದು ಇಲ್ಲಿನ ಬಟ್ಟೆ ಅಚ್ಚಿನ ಕೆಲಸವನ್ನು ಕಣ್ಣಾರೆ ಕಂಡರು. ಇಂಗ್ಲೆಂಡಿಗೆ ಹೋಗಿ ಫಿಲಿಸ್ ಬ್ಯಾರನ್ ಜೊತೆ 1920ರ ದಶಕದಲ್ಲಿ ಮರದಚ್ಚಿನ ಬಟ್ಟೆಗಳ ಕಾರ್ಯಾಗಾರ ನಡೆಸಿದರು. ಗೋಡೆಯ ಚಿತ್ರಗಳನ್ನು ಪ್ರತಿ ಮಾಡಿದ ಕೈ ಮರದ ಅಚ್ಚಿಗೆ ಹೂವು ಎಲೆಗಳನ್ನು ಬರೆಯಿತು. ಅವರಿಬ್ಬರ ಹೆಸರು ಇಂಗ್ಲೆಂಡಿನ ಜವಳಿ ವಿನ್ಯಾಸದ ಇತಿಹಾಸದಲ್ಲಿ ಗಟ್ಟಿಯಾಗಿ ನಿಂತಿದೆ.

ಚಪ್ಪರಕ್ಕೆ ಬಂದ ಅಜಂತಾ

ಎಲ್ಲರಿಗಿಂತ ಹೆಚ್ಚು ದಕ್ಕಿಸಿಕೊಂಡವರು ನಂದಲಾಲರು. ಮೊದಮೊದಲು ಅವರ ಚಿತ್ರಗಳಲ್ಲಿ ಅಜಂತಾದ ಕಣ್ಣು, ಅಜಂತಾದ ಬೆರಳು ಹಾಗೇ ಇಳಿದವು. ಇದು ಆ ಕಾಲದ ಬಂಗಾಳಿ ಚಿತ್ರಗಳ ಒಂದು ರೋಗವೇ ಆಯಿತು ಎಂದರೂ ತಪ್ಪಿಲ್ಲ. ಯಾರನ್ನು ಬರೆದರೂ ಅರೆಮುಚ್ಚಿದ ಕಣ್ಣು, ಬಾಡಿದ ಕಮಲದಂಥ ಕೈ! ನಂದಲಾಲರು ಅದರಿಂದ ಬೇಗ ಹೊರಬಂದರು. 1921ರಲ್ಲಿ ಬಾಘ್ ಗುಹೆಗಳನ್ನೂ ಪ್ರತಿ ಮಾಡಿದ ಅವರು ಶಾಂತಿನಿಕೇತನದ ಕಲಾಭವನದಲ್ಲಿ ಶಿಷ್ಯರಿಗೆ ಕಲಿಸಿದ್ದು ಅಜಂತಾದ ಆಕೃತಿಯನ್ನಲ್ಲ, ಅದು ಹುಟ್ಟುವ ಬಗೆಯನ್ನು. ಬಳ್ಳಿ ಹೇಗೆ ಬಾಗುತ್ತದೆಂದು ಮೊದಲು ಹಿತ್ತಲಲ್ಲಿ ನೋಡು, ಆಮೇಲೆ ಗೋಡೆಯದನ್ನು ನೋಡು ಎಂಬ ಕ್ರಮ. ಅಲ್ಲಿನ ಉತ್ಸವಗಳಲ್ಲಿ ನೆಲದ ಮೇಲೆ ಬಿಡಿಸುವ ಆಲ್ಪನಾಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳ ರಂಗೋಲಿಯೂ ಅಜಂತಾದ ಕಮಲವೂ ಕೂಡಿಕೊಂಡವು.

1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಸುಭಾಷ್‌ಚಂದ್ರ ಬೋಸ್ ಅಧ್ಯಕ್ಷರು. ಹಳ್ಳಿಯ ಜನ ನಡೆದಾಡುವಾಗ ಕಣ್ಣಿಗೆ ಬೀಳುವಂಥ ಚಿತ್ರಗಳು ಬೇಕೆಂದು ಗಾಂಧೀಜಿ ನಂದಲಾಲರನ್ನು ಕೇಳಿದರು. ಕೈಕಾಗದದ ಮೇಲೆ ಮಣ್ಣುಬಣ್ಣ, ಕಮಾನಿನ ಚೌಕಟ್ಟು, ಒಳಗೆ ನೂಲುವವಳು, ಬಡಗಿ, ಡೋಲು ಬಾರಿಸುವವನು, ಬೇಟೆಗಾರ. ಎಂಬತ್ತಕ್ಕೂ ಹೆಚ್ಚನ್ನು ತಾವೇ ಬರೆದು, ಶಿಷ್ಯರಿಂದ ಪ್ರತಿ ಮಾಡಿಸಿದ್ದು ಸೇರಿ ಸುಮಾರು ನಾನ್ನೂರು ಚಿತ್ರಗಳು ಚಪ್ಪರಗಳಲ್ಲಿ ತೂಗಿದವು. ಮೊದಲ ನೋಟಕ್ಕೆ ಇವು ಬಂಗಾಳದ ಜನಪದ ಪಟಚಿತ್ರಗಳು. ಆದರೆ ದಪ್ಪಗೆರೆಯ ಏರಿಳಿತ, ಚೌಕಟ್ಟಿನ ಬಾಗಿಗೆ ದೇಹದ ಬಾಗನ್ನು ಹೊಂದಿಸುವ ರೀತಿ, ಮಣ್ಣಿನ ಬಣ್ಣಗಳು ಎಲ್ಲಿಂದ ಬಂದವೆಂದು ಒಂದನೆಯ ಗುಹೆಯ ಚಾವಣಿ ನೋಡಿದವರಿಗೆ ಹೇಳಬೇಕಿಲ್ಲ. ಬೋಧಿಸತ್ತ್ವನ ಜಾಗದಲ್ಲಿ ಬಡಗಿ ಕುಳಿತಿದ್ದಾನೆ. ಇದೇ ನಂದಲಾಲರೂ ಅವರ ಶಿಷ್ಯರೂ ಮುಂದೆ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಅಲಂಕರಿಸಿದರು.

ಅಮೃತಾ ಶೇರ್‌ಗಿಲ್ ಅವರ ದಾರಿ ಮತ್ತೊಂದು. ಪ್ಯಾರಿಸ್ಸಿನಲ್ಲಿ ಕಲಿತು ಬಂದ ಆಕೆ ಅಜಂತಾ ನೋಡಿದ್ದು 1936ರ ಕೊನೆಯ ಹೊತ್ತಿಗೆ, ದಕ್ಷಿಣದ ಪ್ರವಾಸಕ್ಕೆ ಹೊರಟಾಗ. ಪ್ರತಿ ಮಾಡುತ್ತ ತಿಂಗಳುಗಟ್ಟಲೆ ಕೂರಲಿಲ್ಲ. ನೋಡಿದರು, ಮುಂದೆ ಹೋದರು. ಮರುವರ್ಷ ಬರೆದ ‘ವಧುವಿನ ಶೃಂಗಾರ’, ‘ಬ್ರಹ್ಮಚಾರಿಗಳು’ ಚಿತ್ರಗಳಲ್ಲಿ ಕಂದು ದೇಹಗಳು ಒಂದಕ್ಕೊಂದು ಒರಗಿ ಗುಂಪಾಗುವ ರೀತಿ ಗುಹೆಯದು, ಬಳಸಿದ್ದು ತೈಲವರ್ಣ. ಬಂಗಾಳಿಗಳು ಅಜಂತಾವನ್ನು ಸವೆಸಿಬಿಟ್ಟರು ಎಂದು ಮುನಿದವರು ಶೇರ್‌ಗಿಲ್ ಚಿತ್ರಗಳನ್ನು ನೋಡಿ ಸಮಾಧಾನಪಡಬಹುದು. ಇತ್ತ ಪೈಠಣಿ ಸೀರೆಯ ಸೆರಗಿನಲ್ಲಿ ‘ಅಜಂತಾ ಕಮಲ’ ಎಂಬ ಹೆಸರಿನ ಬುಟ್ಟಾ ಇಂದಿಗೂ ನೇಯಲಾಗುತ್ತಿದೆ. ಅದನ್ನುಟ್ಟವರಿಗೆ ಈ ಜಗಳ ಯಾವುದೂ ಬೇಕಿಲ್ಲ.

ಮೂರನೆಯ ಬೆಂಕಿ

ಬೆಂಕಿಯ ಕಾಟ ಲಂಡನ್ನಿಗೇ ಮುಗಿಯಲಿಲ್ಲ. ಜಪಾನಿನ ಅರಾಯ್ ಕಂಪೊ ಎಂಬ ಕಲಾವಿದ ಭಾರತಕ್ಕೆ ಬಂದು ಅಜಂತಾವನ್ನು ಪ್ರತಿ ಮಾಡಿಕೊಂಡು ಹೋದರು. ತಮ್ಮ ದೇಶದ ಹೋರ್ಯೂಜಿ ದೇವಾಲಯದ ಗೋಡೆಚಿತ್ರಗಳಿಗೂ ಅಜಂತಾಕ್ಕೂ ಇರುವ ಹೋಲಿಕೆ ಜಪಾನೀಯರನ್ನು ಕಾಡಿತ್ತು. ಟೋಕಿಯೊದಲ್ಲಿ ಇಟ್ಟಿದ್ದ ಆ ಪ್ರತಿಗಳು 1923ರ ಭೂಕಂಪದ ಬೆಂಕಿಯಲ್ಲಿ ಹೋದವು. 1940ರಲ್ಲಿ ಹೋರ್ಯೂಜಿಯ ಚಿತ್ರಗಳನ್ನೇ ಪ್ರತಿ ಮಾಡುವ ದೊಡ್ಡ ಯೋಜನೆ ಶುರುವಾದಾಗ ಕಂಪೊ ಅದರಲ್ಲಿ ತೊಡಗಿದರು. 1945ರಲ್ಲಿ, ಕೆಲಸ ಮುಗಿಯುವ ಮೊದಲೇ, ತೀರಿಕೊಂಡರು. ಪ್ರತಿ ಮಾಡುವ ಕೆಲಸ ಇನ್ನೂ ನಡೆಯುತ್ತಿದ್ದಾಗ, 1949ರ ಜನವರಿ 26ರಂದು, ಆ ದೇವಾಲಯಕ್ಕೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ವರ್ಷದ ಮೂಲವೇ ಸುಟ್ಟಿತು. ಈ ಸಲ ಉಳಿದದ್ದು ಪ್ರತಿಗಳು. 1960ರ ದಶಕದ ಕೊನೆಯಲ್ಲಿ ಅವುಗಳ ಮತ್ತು ಹಳೆಯ ಛಾಯಾಚಿತ್ರಗಳ ನೆರವಿನಿಂದ ಜಪಾನಿನ ಕಲಾವಿದರು ಗೋಡೆಗೆ ಹೊಸದಾಗಿ ಚಿತ್ರ ಬರೆದರು.

ಅಜಂತಾದಲ್ಲಿ ವಾರ್ನಿಷ್ ತೆಗೆದು ಕಳಚುವ ಗಿಲಾವನ್ನು ಭದ್ರಪಡಿಸಲು ನಿಜಾಮ್ ಸರ್ಕಾರ 1920ರಲ್ಲಿ ಇಟಲಿಯಿಂದ ಲೊರೆಂಜೊ ಚೆಕ್ಕೋನಿ ಎಂಬ ತಜ್ಞರನ್ನು ಕರೆಸಿತು. ಗಿಲಾವು ನಿಂತಿತು. ಆದರೆ ಆಗ ಬಳಸಿದ ಅರಗೂ ಕಾಲಕ್ರಮದಲ್ಲಿ ಹಳದಿಯಾಯಿತು. ಅದನ್ನು ತೆಗೆಯುವ ಕೆಲಸ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪಾಲಿಗೆ ಬಂತು. ಹೆರಿಂಗ್‌ಹ್ಯಾಮ್ ತಂಡದಲ್ಲಿದ್ದ ಸೈಯದ್ ಅಹ್ಮದ್ ಗುಹೆಗಳ ಮೇಲ್ವಿಚಾರಕರಾಗಿ ವರ್ಷಗಟ್ಟಲೆ ಪ್ರತಿ ಮಾಡಿದರು. ಹೈದರಾಬಾದಿನ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಅಜಂತಾ ಪ್ರತಿಗಳಿಗೇ ಒಂದು ವಿಭಾಗವಿದೆ.

1885ರ ಬೆಂಕಿಯಲ್ಲಿ ಉಳಿದ ಗ್ರಿಫಿತ್ಸ್ ಶಿಷ್ಯರ ಚಿತ್ರಗಳು ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಕೆಲವು ಗುಹೆಯಲ್ಲಿ ಈಗ ಅಳಿಸಿಹೋಗಿರುವ ಭಾಗಗಳನ್ನು ತೋರಿಸುತ್ತವೆ. ಗೋಡೆಯಲ್ಲಿ ಬರೀ ಗಿಲಾವು ಉಳಿದ ಕಡೆ ಕೈ ಎಲ್ಲಿತ್ತು, ಕಮಲ ಯಾವ ದಿಕ್ಕಿಗೆ ಬಾಗಿತ್ತು ಎಂದು ತಿಳಿಯಲು ಸಂಶೋಧಕರು ನೋಡುವುದು ಮುಂಬಯಿಯ ಆ ಹುಡುಗರು ಬರೆದ ಕ್ಯಾನ್ವಾಸುಗಳನ್ನು.